ಮೂರು ಸಲ ಕೂಗಿದ ಹೆಸರು

ಕ್ರಿಸ್ಮಸ್ ಆಗಿ ಮೂರನೆಯ ದಿನಕ್ಕೆ ನಾವು ನಡೆಯುತ್ತೇವೆ. ಹಿಂದೆ ಒಬ್ಬ ರಾಜ ಊರ ಕೂಸುಗಳನ್ನೆಲ್ಲ ಕೊಲ್ಲಿಸಿದ್ದನಂತಲ್ಲ, ಆ ಕೂಸುಗಳ ಹಬ್ಬ ಅದು. ಹೊಟ್ಟೆಯಲ್ಲಿದ್ದಾಗಲೇ ತೆಗೆಸಿದ ಕೂಸುಗಳನ್ನು ನೆನೆಯುವುದಕ್ಕೆ, ಇನ್ನು ಮೇಲೆ ತೆಗೆಸಬೇಡಿರಿ ಎಂದು ಹೇಳುವುದಕ್ಕೆ, ಬೆಳಗಿನ ಪೂಜೆ ಮುಗಿಸಿ ನಮ್ಮ ಚರ್ಚಿನಿಂದ ಝಳಕಿಯ ದೊಡ್ಡ ರಸ್ತೆಯ ತನಕ ಸಾಲಾಗಿ ಹೋಗಿ ಬರುತ್ತೇವೆ.

ನಾವೆಂದರೆ ಎಷ್ಟು ಮಂದಿ? ಇಂಡಿ ತಾಲೂಕಿನಲ್ಲಿ ಬೆರಳೆಣಿಕೆಯ ಮನೆಗಳು. ಸಿಂದಗಿಯಿಂದ ಒಂದು ಟೆಂಪೊ ಬರುತ್ತದೆ. ಮುದ್ದೇಬಿಹಾಳದವರೂ, ಬಾಗೇವಾಡಿ ಕಡೆಯ ಗೊಳಸಂಗಿಯ ಎರಡು ಮನೆಯವರೂ ಹಿಂದಿನ ದಿನವೇ ಬಸ್ಸಿಗೆ ಬಂದು ಚರ್ಚಿನ ಪಡಸಾಲೆಯಲ್ಲಿ ಮಲಗುತ್ತಾರೆ. ಎಲ್ಲರನ್ನೂ ಕೂಡಿಸಿದರೆ ಒಂದು ಮದುವೆಯ ಮೊದಲ ಪಂಕ್ತಿಗೂ ಸಾಲುವುದಿಲ್ಲ. ಆದರೂ ಊರವರಿಗೆ ನಾವು ಹೋಗುವುದು ಗೊತ್ತು. ಇದಕ್ಕೆ ಅವರು ಇಟ್ಟ ಹೆಸರು ‘ಹಾಜರಿ ನಡಿಗೆ’.

ಆ ಹೆಸರು ಬಂದದ್ದು ನಮ್ಮದೇ ಒಂದು ತಪ್ಪಿನಿಂದ. ಮೊದಲ ವರ್ಷ ಫಾದರು ಹೊಸಬರು, ಮಂಗಳೂರ ಕಡೆಯವರು. ಚರ್ಚಿನ ಬಾಗಿಲ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇಡಿಸಿದರು. ಯಾರ ಮನೆಯಲ್ಲಿ ಕೂಸು ಹುಟ್ಟದೆ ಹೋಗಿದೆಯೋ ಅವರು ಆ ಕೂಸಿಗೊಂದು ಹೆಸರು ಯೋಚಿಸಿ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ತಮ್ಮ ಹೆಸರು ಬರೆಯಬಾರದು. ದಾರಿಯಲ್ಲಿ ನಿಂತಲ್ಲಿ, ಚರ್ಚಿನಲ್ಲಿ ಜಪ ಹೇಳಿಕೊಡುವ ಉಪದೇಶಿ ಒಂದೊಂದೇ ಚೀಟಿ ಓದುತ್ತಾನೆ, ಜನ ‘ಪ್ರಭುವೇ ದಯೆತೋರು’ ಎನ್ನಬೇಕು. ಹೀಗೆಂದು ಮೂರು ಭಾನುವಾರ ಹೇಳಿಕೊಟ್ಟಿದ್ದರು. ಆದರೆ ನಮ್ಮ ಉಪದೇಶಿ ವಾರವೆಲ್ಲ ಸಿಸ್ಟರುಗಳ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಹಾಜರಿ ಕೂಗುವ ಮನುಷ್ಯ. ದಾರಿಯಲ್ಲಿ ನಿಂತು ಹೆಸರು ಕೂಗಿದಾಗಲೂ ಅದೇ ದನಿ, ಅದೇ ಎಳೆತ. ಹೆಸರು ಬಾಯಿಂದ ಬೀಳುತ್ತಲೇ ಮುಂದಿನ ಸಾಲಿನ ಮಕ್ಕಳು ‘ಹಾಜರ್ರೀ’ ಎಂದು ಕೂಗಿಬಿಟ್ಟವು.

ಎಲ್ಲರೂ ನಕ್ಕರು. ಎರಡನೆಯ ಹೆಸರಿಗೂ ಮಕ್ಕಳು ಹಾಗೆಯೇ ಕೂಗಿದವು. ಮೂರನೆಯದಕ್ಕೆ ಅವುಗಳ ತಾಯಂದಿರ ಬಾಯಲ್ಲೂ ಅದೇ ಬಂತು. ಹತ್ತನೆಯ ಹೆಸರಿಗೆ ಯಾರೂ ನಗುತ್ತಿರಲಿಲ್ಲ. ಫಾದರ ಮುಖ ಬಿಳಚಿಕೊಂಡಿತ್ತು. ಮರುವರ್ಷ ಅವರು ತಿದ್ದಲು ಹೋಗಲಿಲ್ಲ. ಹೀಗೆ ಇಲ್ಲದವರ ಪರವಾಗಿ ಇದ್ದವರು ಹಾಜರಿ ಕೊಡುವುದು ನಮ್ಮಲ್ಲಿ ಪದ್ಧತಿಯಾಯಿತು.

ಅದರ ಜೊತೆಗೆ ಒಂದು ಕಟ್ಟಳೆಯೂ ತಾನಾಗಿ ಬೆಳೆಯಿತು. ಹಾಜರಿಯನ್ನು ಎಲ್ಲರೂ ಕೂಡಿಯೇ ಹೇಳಬೇಕು, ಒಬ್ಬರೇ ಹೇಳಬಾರದು. ಒಬ್ಬರೇ ಹೇಳಿದರೆ ಆ ಕೂಸು ಅವರದೆಂದು ನಾಲ್ಕು ತಾಲೂಕಿಗೆ ಗೊತ್ತಾಗುತ್ತದೆ.

ನಾನು ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟೆ, ಕೈ ಮಾತ್ರ ಕೆಲಸ ಕಲಿಯಿತು. ನಮ್ಮ ಕೇರಿಯ ಲಿಂಗಾಯತರ ಮನೆ, ಮುಸಲ್ಮಾನರ ಮನೆ, ನಮ್ಮ ಮನೆ, ಎಲ್ಲ ಕಡೆಯೂ ಕೂಸು ಹಿಡಿದಿದ್ದೇನೆ. ಸತ್ತು ಹುಟ್ಟಿದವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದೇನೆ. ಬಸಿರು ಇಳಿಸಲು ಯಾರದೋ ಮಾತು ಕೇಳಿ ಏನೇನೋ ಕುಡಿದು, ನನ್ನ ತೊಡೆಯ ಮೇಲೆ ತಣ್ಣಗಾದ ಹುಡುಗಿಯರನ್ನೂ ನೋಡಿದ್ದೇನೆ. ಹಾಗಾಗಿ ತೆಗೆಸಿಕೊಂಡವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವವಳು ನಾನಲ್ಲ. ದೆವ್ವ ಭೂತ ನಂಬುವವಳೂ ಅಲ್ಲ. ನಾನು ಕಂಡ ಹಾಗೆ ಸತ್ತವರು ಬಹಳ ಸುಮ್ಮನಿರುತ್ತಾರೆ.

ನನ್ನ ಮನೆಯ ಮಾತಿಗೆ ಬರುತ್ತೇನೆ. ಮಗ ಗೌಂಡಿ ಕೆಲಸದವನು, ಕಲ್ಲು ಕಟ್ಟಲು ಒಳ್ಳೆಯ ಕೈ. ಸೊಸೆ ಏಳನೆಯ ಇಯತ್ತೆ ಓದಿದವಳು, ಮಾತು ಕಡಿಮೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಎರಡನೆಯದು ಹುಟ್ಟಿದಾಗ ಎಣ್ಣೆ ಹಚ್ಚುತ್ತಾ ನಾನು ಎಲ್ಲರೆದುರು ಅಂದಿದ್ದೆ, ‘ಇನ್ನೊಂದು ಹೆಣ್ಣಾದರೆ ನಮ್ಮ ಅವ್ವನ ಹೆಸರು ಇಡಬೇಕು ನೋಡ್ರಿ’ ಎಂದು. ನಮ್ಮ ಅವ್ವನದು ಹಳೆಯ ಕಾಲದ ಹೆಸರು. ನಮ್ಮ ನಾಲ್ಕು ತಾಲೂಕಿನ ಕ್ರೈಸ್ತರಲ್ಲಿ ಯಾರಿಗೂ ಈಗ ಆ ಹೆಸರಿಲ್ಲ. ಮಗ ಆಗ ನಕ್ಕಿರಲಿಲ್ಲ.

ಮೂರನೆಯ ಬಸಿರು ನಿಂತಿತು. ನಾಲ್ಕು ತಿಂಗಳು ತುಂಬಿದಾಗ, ಶ್ರಾವಣದ ಒಂದು ದಿನ, ಮಗ ‘ಗಡಿ ದಾಟಿ ತೋರಿಸ್ಕೊಂಡ ಬರ್ತೇವಿ’ ಎಂದ. ಗಡಿ ದಾಟುವುದೆಂದರೆ ಆಚೆ ರಾಜ್ಯದಲ್ಲಿ ಗಂಡೋ ಹೆಣ್ಣೋ ನೋಡಿಸಿ ಹೆಣ್ಣಾದರೆ ತೆಗೆಸುವುದು ಎಂದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ನಾನು ಏನೂ ಅನ್ನಲಿಲ್ಲ. ಮರುದಿನ ಸಂಜೆಗೆ ಬಂದರು. ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಅವಳ ಕುಪ್ಪಸ ಒದ್ದೆಯಾಯಿತು. ಕೂಸಿಲ್ಲವೆಂದು ಎದೆಗೆ ಯಾರೂ ಹೇಳಿರಲಿಲ್ಲ. ನಾನು ಮಲ್ಲಿಗೆ ಮೊಗ್ಗು ತರಿಸಿ, ಬಟ್ಟೆಯಲ್ಲಿಟ್ಟು ಎದೆಗೆ ಬಿಗಿದು ಕಟ್ಟಿದೆ, ಹಾಲು ಹಿಂಗಲೆಂದು. ಆ ವಾಸನೆ ಎಂಟು ದಿನ ಮನೆಯಲ್ಲಿತ್ತು. ಯಾರೂ ಆ ಮಾತು ಎತ್ತಲಿಲ್ಲ. ಆ ವರ್ಷದ ನಡಿಗೆಗೂ ಹೋದೆವು. ಮಗನೇ ಮುಂದೆ ಶಿಲುಬೆ ಹೊತ್ತ. ಬೇರೆಯವರ ಕೂಸುಗಳಿಗೆಲ್ಲ ಹಾಜರಿ ಕೊಟ್ಟು ಬಂದು ಉಪ್ಪಿಟ್ಟು ತಿಂದೆವು.

ಇದಾಗಿ ಎರಡು ವರ್ಷಕ್ಕೆ ಸೊಸೆ ಮತ್ತೆ ಬಸುರಿ. ಕ್ರಿಸ್ಮಸ್ ಹೊತ್ತಿಗೆ ನಾಲ್ಕನೆಯ ತಿಂಗಳು. ಹಬ್ಬದ ಮರುದಿನ ಪಾತ್ರೆ ತಿಕ್ಕುತ್ತಾ ಅವಳು ನನ್ನ ಕಡೆ ನೋಡದೆ ಅಂದಳು, “ಅತ್ತೀ, ನಡಿಗಿ ಮರದಿನ ಗಾಡಿ ಹೇಳ್ಯಾರ್ರಿ ಅವ್ರು. ಹುಡುಗ್ಯಾರ್ನ ಒಂದಿನ ನೋಡ್ಕೋರಿ.”

“ಹೂಂ,” ಎಂದೆ.

ಬೇರೆಯವರ ಮನೆಯಲ್ಲಿ ಗಂಡಸರನ್ನು ಹೊಸ್ತಿಲಾಚೆ ನಿಲ್ಲಿಸಿ ಬೈದವಳು ನಾನು. ನನ್ನ ಮನೆಯಲ್ಲಿ ಬಾಯಿಂದ ಹೊರಟದ್ದು ಇದೊಂದೇ ಹೂಂ. ಆ ಗಾಡಿ ಬಂದರೆ ಸೊಸೆ ಹತ್ತುತ್ತಾಳೆ, ಹೊಟ್ಟೆಯಲ್ಲಿ ಹೆಣ್ಣಿದ್ದರೆ ಖಾಲಿಯಾಗಿ ಬರುತ್ತಾಳೆ. ಅದನ್ನು ತಡೆಯುವ ವಯಸ್ಸು ಆ ಮನೆಯಲ್ಲಿ ನನ್ನೊಬ್ಬಳಿಗೇ ಇತ್ತು.

ನಾನು ಮಾಡಿದ್ದು ಒಂದೇ. ದೊಡ್ಡ ಮೊಮ್ಮಗಳನ್ನು ಹಿತ್ತಲಿಗೆ ಕರೆದು, ಅವಳ ಪಾಟಿಚೀಲದಿಂದ ಒಂದು ಹಾಳೆ ಹರಿಸಿ, ನಮ್ಮ ಅವ್ವನ ಹೆಸರು ಬರೆಸಿದೆ. ನಾನೇ ಬರೆದರೆ ನನ್ನ ವಕ್ರ ಅಕ್ಷರವನ್ನು ಉಪದೇಶಿ ಗುರುತು ಹಿಡಿಯುತ್ತಾನೆ.

“ಯಾರಬೇ ಆಯಿ ಇದು?” ಎಂದಳು ಹುಡುಗಿ.

“ನಮ್ಮವ್ವ.”

“ಆಕಿ ಹುಟ್ಟಿದ್ಲಲ್ಲ. ಹುಟ್ಟದವ್ರದಷ್ಟ ಬರೀಬೇಕು ಅಂದಾರ ಸಿಸ್ಟರು.”

“ಬರೀ ಅಂದ್ರ ಬರೀ. ಶಾಣ್ಯಾತನ ಸಾಲ್ಯಾಗ ತೋರ್ಸು.”

ಚೀಟಿ ಮಡಚಿ ಡಬ್ಬಿಗೆ ಹಾಕಿ ಬಂದೆ. ಎರಡು ವರ್ಷದ ಹಿಂದೆ ಹೋದದ್ದಕ್ಕೆ ಒಂದು ಹೆಸರಾದರೂ ಇರಲಿ ಎಂದುಕೊಂಡೆ. ಸುಳ್ಳು ಯಾಕೆ, ಅದರಿಂದ ನನಗೆ ಸ್ವಲ್ಪ ಹಗುರ ಆಯಿತು. ಅಷ್ಟು ಅಗ್ಗಕ್ಕೆ ಹಗುರಾದದ್ದು ಒಳ್ಳೆಯದಲ್ಲ ಎಂದು ಈಗ ಅನಿಸುತ್ತದೆ.

ನಡಿಗೆಯ ದಿನ ಬೆಳಗಾಗುವಾಗ ಮಂಜು ಬಿದ್ದಿತ್ತು. ನಮ್ಮ ಕಡೆ ಮಂಜು ಬೀಳುವುದೇ ವರ್ಷಕ್ಕೆ ನಾಲ್ಕು ದಿನ. ಆ ದಿನ ಬಿದ್ದ ಹಾಗೆ ನಾನು ಕಂಡಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ನಿಂತರೆ ಗಂಟೆ ಕಂಬ ಕಾಣುತ್ತಿರಲಿಲ್ಲ, ಗಂಟೆ ಮಾತ್ರ ಕೇಳುತ್ತಿತ್ತು. ಸೊಸೆ ಪೂಜೆಗೆ ಬಂದಿರಲಿಲ್ಲ. “ಟೊಂಕ ನೋಯಾಕತ್ತೈತ್ರಿ ಅತ್ತಿ, ನಾ ಬರಾಂಗಿಲ್ಲ” ಎಂದಿದ್ದಳು. ಮೊಮ್ಮಕ್ಕಳಿಬ್ಬರನ್ನೂ ನಾನೇ ಕರೆದುಕೊಂಡು ಬಂದಿದ್ದೆ. ದೊಡ್ಡದು ನನ್ನ ಸೆರಗು ಹಿಡಿದಿತ್ತು, ಸಣ್ಣದರ ಕೈ ನಾನು ಹಿಡಿದಿದ್ದೆ.

ಮುಂದೆ ಮಗ, ಹೆಗಲ ಮೇಲೆ ಮರದ ಶಿಲುಬೆ. ಅವನ ಹಿಂದೆ ಫಾದರು, ಡಬ್ಬಿ ಹಿಡಿದ ಉಪದೇಶಿ, ಮಕ್ಕಳು, ಹೆಂಗಸರು, ಕೊನೆಗೆ ಗಂಡಸರು. ‘ಹೊಟ್ಟೆಯ ಕೂಸಿಗೂ ಜೀವ ಇದೆ’ ಎಂದು ಬರೆದ ಬಟ್ಟೆಯನ್ನು ಸಿಂದಗಿಯ ಇಬ್ಬರು ಹಿಡಿದಿದ್ದರು. ಓದುವವರಿಗೆ ಕಾಣುವಂತಿರಲಿಲ್ಲ. ಒಬ್ಬರಿಗೊಬ್ಬರು ತಪ್ಪಿಹೋಗಬಾರದೆಂದು ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು ನಡೆದೆವು. ಜಪಸರ ಮುಂದೆ ಶುರುವಾದರೆ ಹಿಂದಿನವರು ಅರ್ಧ ಮಾತು ತಡವಾಗಿ ಮುಟ್ಟುತ್ತಿದ್ದರು. ನಮ್ಮ ಕಾಲ ಸಪ್ಪಳ ಮಂಜಿಗೆ ಬಡಿದು ತಿರುಗಿ ಬರುತ್ತಿತ್ತು. ಇದ್ದವರಿಗಿಂತ ಹೆಚ್ಚು ಮಂದಿ ನಡೆದಂತೆ ಕೇಳುತ್ತಿತ್ತು.

“ಆಯಿ, ನಮ್ಮ ಹಿಂದ ಭಾಳ ಮಂದಿ ಅದಾರೇನ?” ಎಂದಿತು ಸಣ್ಣದು.

“ಇದ್ರ ಇರವಲ್ರ್ಯಾಕ. ಮುಂದ ನೋಡಿ ನಡಿ.”

ಮೊದಲ ನಿಲುಗಡೆ ನಿಂಬೆ ತೋಟದ ಗೇಟಿನ ಹತ್ತಿರ. ಉಪದೇಶಿ ಡಬ್ಬಿಯಿಂದ ಕೈಗೆ ಸಿಕ್ಕ ಚೀಟಿ ತೆಗೆದು ಕೂಗತೊಡಗಿದ. ಐದನೆಯದೋ ಆರನೆಯದೋ ನಮ್ಮ ಅವ್ವನ ಹೆಸರು. ಎಲ್ಲರೂ “ಹಾಜರ್ರೀ” ಎಂದರು. ನಾನೂ ಎಂದೆ. ದೊಡ್ಡ ಮೊಮ್ಮಗಳು ನನ್ನ ಸೆರಗು ಜಗ್ಗಿದಳು. ಮುಗಿಯಿತಲ್ಲ ಎಂದುಕೊಂಡು ಮುಂದೆ ನಡೆದೆ.

ಎರಡನೆಯ ನಿಲುಗಡೆ ಸಣ್ಣ ಸೇತುವೆಯ ದಂಡೆಗೆ. ಎಡಗಡೆ ನಮ್ಮ ಪಕ್ಕದ ಮನೆಯ ಬೂಬವ್ವನ ಜೋಳದ ಹೊಲ. ಅವಳಿಗೆ ನಾಲ್ಕು ಹೆರಿಗೆ ಮಾಡಿಸಿದವಳು ನಾನೇ. ಪ್ರತಿ ವರ್ಷ ಅವಳು ದೊಡ್ಡ ಕಿಟಲಿಯಲ್ಲಿ ಚಹಾ ತಂದು ಹೊಲದ ಬದುವಿನ ಮೇಲೆ ಕೂತಿರುತ್ತಾಳೆ. ನಮ್ಮದು ಅವಳ ಧರ್ಮವಲ್ಲ, ಆದರೆ ನಡೆದು ಬಂದವರಿಗೆ ಚಹಾ ಕೊಡುವುದು ಯಾರ ಧರ್ಮವಾದರೇನು. ಮಂಜಿನಲ್ಲಿ ಅವಳ ದನಿ ಮೊದಲು ಬಂತು.

“ಯಾರ ಅದು? ಅಕ್ಕನೇನ? ನಿಮ್ಮ ದೇವ್ರು ಇವತ್ತ ಕಂಬಳಿ ಹೊಚ್ಚಿಬಿಟ್ಟಾನಲ್ಲ.”

“ನಿನ್ನ ಚಾದಾಗ ಸಕ್ರಿ ಐತೋ, ಹೋದ ವರ್ಷದಂಗ ಬರೀ ನೀರೋ?”

“ಬಾಯಿಗೆ ಸಿಹಿ ಬೇಕಂದ್ರ ಬಾಯಿ ಮೊದ್ಲ ಸಿಹಿ ಇರಬೇಕವ್ವ.”

ಚಹಾ ಸುರಿಯುವುದಕ್ಕೆ ಮೊದಲು ಹಾಜರಿ. ಉಳಿದ ಚೀಟಿ ಕಡಿಮೆ ಇದ್ದವು. ಉಪದೇಶಿ ಮೂರು ಕೂಗಿದ, ಮೂರಕ್ಕೂ ಎಲ್ಲರೂ ಕೂಡಿ ಉತ್ತರ ಕೊಟ್ಟರು. ನಾಲ್ಕನೆಯದನ್ನು ತೆಗೆದು ಕೂಗಿದ. ನಮ್ಮ ಅವ್ವನ ಹೆಸರು.

ಜನ ಸುಮ್ಮನಾದರು. ಇದನ್ನು ಆಗಲೇ ಓದಿಯಾಗಿದೆಯಲ್ಲ, ತಪ್ಪಿ ಮತ್ತೆ ಓದಿದನೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನವರು ಹಿಂದಿನವರು ಹೇಳಲಿ ಎಂದು ಕಾದರು, ಹಿಂದಿನವರು ಮುಂದಿನವರಿಗೆ ಕಾದರು. ನಾನು ಹಾಕಿದ್ದು ಒಂದೇ ಚೀಟಿ.

ಆಗ ಎಲ್ಲರಿಗಿಂತ ಹಿಂದಿನಿಂದ, ಗಂಡಸರೂ ಮುಗಿದ ಮೇಲೆ ಬರೀ ಮಂಜು ಇದ್ದ ಕಡೆಯಿಂದ, ಒಂದು ಹೆಣ್ಣು ದನಿ ಬಂತು. “ಹಾಜರ್ರೀ.”

ಒಂದೇ ದನಿ. ಎಲ್ಲರೂ ತಿರುಗಿ ನೋಡಿದರು, ಯಾರೂ ಕಾಣಲಿಲ್ಲ. ನಾನು ತಿರುಗಲಿಲ್ಲ. ಹತ್ತು ವರ್ಷ ಬೆಳಗಾದರೆ ‘ಅತ್ತೀ’ ಎಂದು ಕೇಳಿದ ದನಿ ನನಗೆ ಗೊತ್ತಾಗುವುದಿಲ್ಲವೇ? ಮುಂದೆ ಮಗನ ಹೆಗಲ ಮೇಲಿನ ಶಿಲುಬೆಯೂ ತಿರುಗಲಿಲ್ಲ. ಒಬ್ಬರೇ ಹೇಳಬಾರದೆಂಬ ಕಟ್ಟಳೆಯನ್ನು ನಮ್ಮ ಮನೆಯ ಸೊಸೆ ನಾಲ್ಕು ತಾಲೂಕಿನ ಎದುರು ಮುರಿದಿದ್ದಳು.

ಉಪದೇಶಿ ಗಡಿಬಿಡಿಯಲ್ಲಿ ಡಬ್ಬಿಯೊಳಗೆ ಕೈ ಹಾಕಿದ. ಕೊನೆಯ ಚೀಟಿ. ಬಿಚ್ಚಿ ನೋಡಿದ, ಮಡಚಿದ, ಮತ್ತೆ ಬಿಚ್ಚಿದ. ಫಾದರು, “ಓದಿ, ಯಾಕೆ ನಿಂತಿರಿ?” ಎಂದರು. ಅವನು ಓದಿದ. ಕೂಗಲಿಲ್ಲ, ಓದಿದ. ಆದರೂ ಎಲ್ಲರಿಗೂ ಕೇಳಿಸಿತು.

ಅದೇ ಹೆಸರು.

ಈ ಸಲ ಯಾರೂ ಉತ್ತರ ಕೊಡಲಿಲ್ಲ. ಹಿಂದಿನ ದನಿಯೂ ಇಲ್ಲ. ಮಕ್ಕಳು ಕೂಡ ಬಾಯಿ ಬಿಡಲಿಲ್ಲ. ಶಾಲೆಯಲ್ಲಿ ಹೀಗಾದರೆ ಮಾಸ್ತರರು ಗೈರು ಹಾಕಿ ಮುಂದಿನ ಹೆಸರಿಗೆ ಹೋಗುತ್ತಾರೆ. ಇಲ್ಲಿ ಮುಂದಿನ ಹೆಸರೇ ಇರಲಿಲ್ಲ. ಕಿಟಲಿಯ ಬಾಯಿಂದ ಚಹಾ ತೊಟ್ಟಿಕ್ಕುವುದು ಕೇಳುತ್ತಿತ್ತು. ನಾನಾದರೂ ಹೇಳೋಣವೆಂದು ಬಾಯಿ ತೆರೆದೆ. ದನಿ ಹೊರಡಲಿಲ್ಲ.

“ಹಾಜರ್ರೀ.”

ಅದು ಎಡಗಡೆಯಿಂದ ಬಂತು, ಜೋಳದೊಳಗಿಂದ. ತೆನೆ ಇರುವ ಎತ್ತರದಿಂದಲ್ಲ, ಕೆಳಗಿನಿಂದ, ನನ್ನ ಸಣ್ಣ ಮೊಮ್ಮಗಳ ಬಾಯಿಗಿಂತಲೂ ಕೆಳಗಿನಿಂದ. ಶಾಲೆಗೆ ತಡವಾಗಿ ಬಂದ ಕೂಸು ಬಾಗಿಲಲ್ಲಿ ನಿಂತು ಅವಸರದಲ್ಲಿ ಹೇಳುತ್ತದಲ್ಲ, ಹಾಗೆ. ಅಳು ಇರಲಿಲ್ಲ. ಸಿಟ್ಟೂ ಇರಲಿಲ್ಲ. ಅಳು ಇದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅಳುವ ಕೂಸನ್ನು ಏನು ಮಾಡಬೇಕೆಂದು ನನಗೆ ಗೊತ್ತು.

ಸಣ್ಣ ಮೊಮ್ಮಗಳ ಕೈ ನನ್ನ ಕೈಯಲ್ಲೇ ಇತ್ತು. ಅವಳು ನನ್ನನ್ನು ನೋಡಿ, “ನಾ ಅಲ್ಲಬೇ ಆಯಿ,” ಎಂದಳು.

ಮುಂದೆ ಟಕ್ಕೆಂದು ಸಪ್ಪಳವಾಯಿತು. ಶಿಲುಬೆಯ ಬಾಲ ಡಾಂಬರಿಗೆ ತಗುಲಿತ್ತು. ಅಷ್ಟು ವರ್ಷ ಹೊತ್ತವನು ಒಂದು ದಿನವೂ ಅದನ್ನು ನೆಲಕ್ಕೆ ಮುಟ್ಟಿಸಿರಲಿಲ್ಲ.

ಫಾದರು ಕೂಡಲೇ ದೊಡ್ಡ ದನಿಯಲ್ಲಿ ಹಾಡು ಎತ್ತಿದರು. ತಮಗೇನೂ ಕೇಳಲಿಲ್ಲವೆಂದು ಆಮೇಲೆ ಹೇಳಿದರು. ಇರಬಹುದು. ಬೂಬವ್ವ ಚಹಾ ಕೊಡುವುದನ್ನು ಮರೆತು ಕಿಟಲಿ ಹಿಡಿದು ನಿಂತೇ ಇದ್ದಳು. ಯಾರೂ ಚಹಾ ಕೇಳಲೂ ಇಲ್ಲ.

ಝಳಕಿಯ ದೊಡ್ಡ ರಸ್ತೆ ಮುಟ್ಟಿದಾಗ ಲಾರಿಗಳು ದೀಪ ಹಚ್ಚಿಕೊಂಡು ತೆವಳುತ್ತಿದ್ದವು. ಬಟ್ಟೆ ಹಿಡಿದವರು ಹಿಡಿದರು, ಫಾದರು ನಾಲ್ಕು ಮಾತು ಆಡಿದರು. ಅವು ನನ್ನ ತಲೆಗೆ ಹೋಗಲಿಲ್ಲ. ತಿರುಗಿ ಹೊರಟಾಗ ನೋಡಿದರೆ ಸೊಸೆ ಮಗನ ಪಕ್ಕದಲ್ಲಿ ನಡೆಯುತ್ತಿದ್ದಳು, ಶಿಲುಬೆಯ ತೋಳ ಕೆಳಗೆ. ಮನೆಯಿಂದ ಒಬ್ಬಳೇ ಮಂಜಿನಲ್ಲಿ ನಮ್ಮ ಬೆನ್ನು ಹತ್ತಿ ಬಂದಿದ್ದಳು. ಅವಳು ಅವನಿಗೆ ಏನೋ ಹೇಳಿದಳು. ಹೆಂಗಸರು ಅವಳ ಕಡೆ ನೋಡುತ್ತಿದ್ದರು. ಮುದ್ದೇಬಿಹಾಳದ ಒಬ್ಬಾಕೆ ನನ್ನ ಕಿವಿಯ ಹತ್ತಿರ ಬಂದು, “ನಿಮ್ಮ ಸೊಸಿನs ಅಲ್ಲೇನ್ರಿ? ಯಾವಾಗ ಹೋಗಿತ್ರಿ ಕೂಸು?” ಎಂದಳು.

“ನಿಮ್ಮ ಚೀಟಿ ಯಾವದರಿ?” ಎಂದೆ. ಅವಳು ದೂರ ಸರಿದಳು.

ಚರ್ಚಿಗೆ ಬಂದ ಮೇಲೆ ಚೀಟಿಗಳನ್ನು ಸುಡುವುದು ವಾಡಿಕೆ. ಉಪದೇಶಿ ಹಿಂದಿನ ಅಂಗಳದಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದ. ಹಸಿಯಾದ ಕಡ್ಡಿ ಹತ್ತುತ್ತಿರಲಿಲ್ಲ.

“ಉಪದೇಶ್ಯಾರ, ಆ ಮೂರು ಚೀಟಿ ತೋರಿಸ್ರಿ.”

“ಯಾರಿಗೂ ತೋರಸಬಾರದು ಯವ್ವಾ.”

“ಮೂರು ಸಲ ಕೂಗಿದ್ದು ನನ್ನ ಅವ್ವನ ಹೆಸರು. ತೋರಿಸ್ರಿ.”

ಅವನು ನನ್ನನ್ನೊಮ್ಮೆ ನೋಡಿ ಮೂರನ್ನೂ ತೊಡೆಯ ಮೇಲೆ ಹರಡಿದ. ಪಾಟಿಚೀಲದ ಹಾಳೆ ನನ್ನದು. ಇನ್ನೊಂದು ಕ್ಯಾಲೆಂಡರಿನ ತುಂಡು. ಅಂಕಿಯ ಬೆನ್ನಿಗೆ ಸೊಸೆಯ ದುಂಡು ಅಕ್ಷರ. ಅವಳು ಕಿರಾಣಿ ಸಾಮಾನಿನ ಯಾದಿ ಬರೆಯುವುದು ಹೀಗೆಯೇ. ಮೂರನೆಯದು ಸಿಮೆಂಟು ಚೀಲದ ಕಾಗದ, ಪೆನ್ಸಿಲಿನಿಂದ ಒತ್ತಿ ಒತ್ತಿ ಬರೆದದ್ದು. ಉಪದೇಶಿ ಅದರ ಮೇಲೆ ಬೆರಳಿಟ್ಟ.

“ಇಂವಗ ಅಕ್ಷರ ಕಲಿಸಿದಾಂವ ನಾನs ಯವ್ವಾ. ಪೆನ್ಸಿಲ್ ಮುರಿಯೂಹಂಗ ಒತ್ತತಿದ್ದ.”

ಒಂದೇ ಸೂರಿನ ಕೆಳಗೆ ಮೂವರು, ಒಬ್ಬರಿಗೊಬ್ಬರು ಗೊತ್ತಾಗದಂತೆ, ಒಂದೇ ಹೆಸರು ಬರೆದು ಒಂದೇ ಡಬ್ಬಿಗೆ ಹಾಕಿದ್ದೆವು. ಮೂವರಲ್ಲಿ ಒಬ್ಬರಿಗೂ ಗಾಡಿ ಬೇಡ ಎನ್ನಲು ಬಾಯಿ ಬಂದಿರಲಿಲ್ಲ.

ಮಗ ಉಪ್ಪಿಟ್ಟಿನ ತಟ್ಟೆ ಮುಟ್ಟಿರಲಿಲ್ಲ. ಗೋಡೆಗೆ ಶಿಲುಬೆ ಆನಿಸಿಟ್ಟು, ಎದ್ದು ನಿಂತು, ಯಾರಿಗೂ ಅಲ್ಲದಂತೆ ಅಂದ, “ಯಾವನೋ ಹೊಲದಾಗ ಕುಂತು ಚ್ಯಾಷ್ಟಿ ಮಾಡ್ಯಾನ. ಹಿಡದ ತರ್ತೇನಿ.” ಹೊರಟೇಬಿಟ್ಟ. ನಾನು ಮಕ್ಕಳನ್ನು ಅವರ ತಾಯಿಯ ಹತ್ತಿರ ಬಿಟ್ಟು ಅವನ ಹಿಂದೆ ನಡೆದೆ. ಹಿಡಿಯುವುದಕ್ಕೆ ಅಲ್ಲಿ ಯಾರಾದರೂ ಇದ್ದರೆ ನನಗೂ ಒಳ್ಳೆಯದಾಗುತ್ತಿತ್ತು.

ಮಂಜು ಇನ್ನೂ ಎದ್ದಿರಲಿಲ್ಲ, ಸ್ವಲ್ಪ ಬೆಳ್ಳಗಾಗಿತ್ತು ಅಷ್ಟೆ. ಬೂಬವ್ವ ಬದುವಿನ ಮೇಲೆ ಹಾಗೆಯೇ ಕೂತಿದ್ದಳು.

“ಚಾಚೀ, ನಿಮ್ಮ ಹೊಲದಾಗ ಯಾರ ಇದ್ರು?” ಎಂದ ಮಗ.

“ಯಾರಿರ್ತಾರಪ್ಪ? ಹಕ್ಕಿ ಕಾಯಾವ್ರು ಬಿಸಲ ಬಿದ್ದ ಮ್ಯಾಲ ಬರ್ತಾರ. ಕೂಗಿದ್ದು ನಾನೂ ಕೇಳೀನಿ. ಆಗಿಂದ ಇಲ್ಲೇ ಕುಂತೀನಿ, ಯಾರೂ ಹೊರಗ ಬಂದಿಲ್ಲ. ನೀನs ನೋಡು.”

ಅವನು ನೋಡಿದ. ನಾನೂ ನೋಡಿದೆ. ಜೋಳ ಆಳೆತ್ತರ ನಿಂತಿತ್ತು, ಹಾಲುಗಾಳಿನ ತೆನೆ. ದಂಟಿನಿಂದ ದಂಟಿಗೆ ಜೇಡರ ಬಲೆ. ಪ್ರತಿ ಬಲೆಯಲ್ಲೂ ಇಬ್ಬನಿ ಕೂತು ಬೆಳ್ಳಗೆ ಕಾಣುತ್ತಿತ್ತು. ಆ ತುದಿಯಿಂದ ಈ ತುದಿಯ ತನಕ ಒಂದು ಬಲೆಯೂ ಹರಿದಿರಲಿಲ್ಲ. ಎಲೆಯ ಮೇಲಿನ ನೀರು ಎಲ್ಲಿಯೂ ಉದುರಿರಲಿಲ್ಲ. ನಾಯಿ ಹೊಕ್ಕಿದ್ದರೂ ಗುರುತು ಉಳಿಯುತ್ತಿತ್ತು. ಮಗ ಸೇತುವೆಯ ಹತ್ತಿರದಿಂದ ಬದುವಿನ ಕೊನೆಯವರೆಗೆ ಹೋಗಿ ಬಂದ. ಆಮೇಲೆ ದನಿ ಬಂದ ಜಾಗದ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಅಷ್ಟು ಕೆಳಗಿನಿಂದಲೇ ಬಂದದ್ದೆಂದು ಅವನಿಗೂ ಗೊತ್ತಿತ್ತು ಎಂದಾಯಿತು. ದಂಟುಗಳ ನಡುವೆ ಕತ್ತಲೆ ಇತ್ತು. ಅದರೊಳಗೆ ಏನೂ ಅಲುಗಾಡಲಿಲ್ಲ.

ಆಮೇಲೆ ನನ್ನ ಕಡೆ ತಿರುಗದೆ ಕೇಳಿದ, “ಚೀಟಿ ಬರಸಿದ್ದು ನೀನs ಅಂತ ಹುಡುಗಿ ಹೇಳ್ಯಾಳ. ಯಾಕ ಬರಸಿದ್ಯಬೇ?”

“ಹೇಳಬೇಕಾದಾಗ ಹೇಳಲಿಲ್ಲ, ಅದಕ್ಕ. ನೀ?”

ಅವನು ಒಂದು ಹೆಂಟೆ ಹಿಡಿದು ಪುಡಿ ಮಾಡುತ್ತಿದ್ದ.

“ಚೀಟಿ ಬರ್ಯಾಕ ಕೈ ಬರತೈತಿ, ಗಾಡಿ ಬ್ಯಾಡನ್ನಾಕ ಬಾಯಿ ಬರೂದಿಲ್ಲ. ನಿಂದೂ ಅಷ್ಟ, ನಂದೂ ಅಷ್ಟ. ಈಗ ಹೇಳಾಕತ್ತೇನಿ ಕೇಳು. ನಾಳೆ ಆಕೀನ ನಾ ಕಳಸಾಂಗಿಲ್ಲ.”

“ಹತ್ತಾಂಗಿಲ್ಲ ಅಂತ ಆಕೀನs ಹೇಳಿದ್ಲು. ದಾರ್ಯಾಗ.” ಕೈಯ ಮಣ್ಣು ಕೊಡವಿ ಅಂದ, “ಮತ್ತೂ ಹೆಣ್ಣಾದ್ರ ಮಂದಿ ಏನಂತಾರಬೇ?”

ಬದುವಿನ ಮೇಲಿಂದ ಬೂಬವ್ವ ಅಂದಳು, “ಮಂದಿ ಏನಂತಾರ? ನಂಗ ನಾಕೂ ಹೆಣ್ಣು. ನಿಮ್ಮವ್ವನ ಕೈಲೇ ಹುಟ್ಟ್ಯಾವ. ಒಂದಕ್ಕೂ ಆಕಿ ‘ಅಯ್ಯ’ ಅಂದಿಲ್ಲ. ಕೇಳ ಆಕೀನ.”

ಮಗ ಅಲ್ಲಿಯೇ ಕೂತು ಫೋನು ತೆಗೆದ. ಆ ಕಡೆ ಗಾಡಿಯವನ ದನಿ ನನಗೂ ಕೇಳುತ್ತಿತ್ತು. “ನಾಳೆ ಐದಕ್ಕ ಬರ್ಲೇನ್ರಿ?” ಎಂದ ಅವನು.

“ಬರಬ್ಯಾಡ.”

“ಮತ್ತ ಯಾವಾಗ್ರಿ? ಐತ್ವಾರ?”

ಮಗ ಜೋಳದ ಕಡೆ ನೋಡುತ್ತಾ ಅಂದ, “ಯಾವಾಗೂ ಇಲ್ಲಪ. ನಾವ್ ಹೋಗಾಂಗಿಲ್ಲ.” ಎದುರಿಗಿರುವ ಯಾರಿಗೋ ಹೇಳಿದ ಹಾಗೆ ಸಾವಕಾಶ ಹೇಳಿದ. ಫೋನು ಇಟ್ಟ ಮೇಲೂ ಕೂತೇ ಇದ್ದ. ರಟ್ಟೆ ಹಿಡಿದು ಎಬ್ಬಿಸಿದೆ. ಕೈ ತಣ್ಣಗಿತ್ತು.

ಬೇಸಿಗೆಯಲ್ಲಿ ಇಂಡಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣೇ. ಗಂಡಾಗಿದ್ದರೆ ಈ ಕತೆಯನ್ನು ಜನ ಇನ್ನೂ ಚೆನ್ನಾಗಿ ಕೇಳುತ್ತಿದ್ದರು. ಮಗ ಪೇಡೆ ಹಂಚಲಿಲ್ಲ. ಮೂರು ತಿಂಗಳು ಅದನ್ನು ಎತ್ತಲೂ ಇಲ್ಲ. ಒಂದು ದಿನ ಸುಣ್ಣದ ಕೈಯಲ್ಲೇ ಎತ್ತಿದ, ಸೊಸೆ ಬೈದಳು. ಈಗ ಅವನು ಕೆಲಸದಿಂದ ಬರುವ ಹೊತ್ತಿಗೆ ಅದು ಬಾಗಿಲಲ್ಲಿ ಕೂತಿರುತ್ತದೆ.

ಹೆಸರಿಡುವಾಗ ನಾನು ನಮ್ಮ ಅವ್ವನ ಹೆಸರು ಎತ್ತಿದೆ. ಸೊಸೆ, “ಬ್ಯಾಡ್ರಿ ಅತ್ತಿ, ಅದು ಇದರ ಅಕ್ಕಂದು,” ಎಂದಳು. ಬೇರೆ ಹೆಸರು ಇಟ್ಟರು.

ಅದಾದ ಮೇಲೆಯೂ ಪ್ರತಿ ವರ್ಷ ನಡೆಯುತ್ತೇವೆ. ಸೇತುವೆಯ ಹತ್ತಿರ ಡಬ್ಬಿ ಖಾಲಿಯಾದ ಮೇಲೆ ಉಪದೇಶಿ ಚೀಟಿ ಇಲ್ಲದೆಯೇ ಆ ಹೆಸರು ಕೂಗುತ್ತಾನೆ, ನಾವೇ ಕೇಳಿಕೊಂಡಿದ್ದೇವೆ. ಅದಕ್ಕೆ ಉತ್ತರ ಕೊಡುವವರು ನಾವು ಮೂವರೇ. ಊರಿಗೆ ಗೊತ್ತಾಗಲಿ. ಆದರೆ ಹೆಸರು ಬಿದ್ದ ಕೂಡಲೇ ಹೇಳುವುದಿಲ್ಲ. ಜೋಳದ ಕಡೆ ಕಿವಿ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಇಡೀ ಸಾಲು ನಮ್ಮ ಜೊತೆ ನಿಲ್ಲುತ್ತದೆ. ಆ ದನಿ ಬರುವುದಿಲ್ಲ. ಆಮೇಲೆ ನಾವು ಹೇಳುತ್ತೇವೆ.